ಸೀಟಿನ ಹಿಂದಿನ ಹೊಸ ಬೆಲ್ಟು

ನಮ್ಮ ಬೀದಿ ಈಚೆಗೆ ತಡವಾಗಿ ಏಳುತ್ತಿದೆ. ಇದಕ್ಕೆ ಆಲಸ್ಯ ಕಾರಣವಲ್ಲ. ಚಳಿಯಂತೂ ಅಲ್ಲವೇ ಅಲ್ಲ. ಸೇಲಂ ಪಟ್ಟಣದ ಸೆಕೆಯಲ್ಲಿ ಕೂತು ಚಳಿಯ ನೆಪ ಹೇಳಬಲ್ಲ ಧೈರ್ಯಶಾಲಿ ಸುಳ್ಳುಗಾರ ನಮ್ಮ ನೇಕಾರ ಬೀದಿಯಲ್ಲಿ ನಾನೊಬ್ಬನೇ. ಕಾರಣ ನನ್ನ ಪಿಕಪ್ ಗಾಡಿ. ಅದು ಈಗ ಸದ್ದಿಲ್ಲದೆ ಸ್ಟಾರ್ಟ್ ಆಗುತ್ತದೆ. ಮೊದಲಾದರೆ ಬೆಳಗ್ಗೆ ಕೀಲಿ ತಿರುಗಿಸಿದ ಕೂಡಲೇ ಬಾನೆಟ್ಟಿನೊಳಗಿಂದ ‘ಕ್ಯೀಯ್’ ಎಂದು ಹೊರಡುತ್ತಿದ್ದ ಆರ್ತನಾದಕ್ಕೆ ಕಾಗೆಗಳು ಹಾರಿ, ನಾಯಿಗಳು ಎದ್ದು, ಹಿರಿಯರು ದೇವರನ್ನೂ ನನ್ನನ್ನೂ ಒಂದೇ ಉಸಿರಿನಲ್ಲಿ ನೆನೆದು, ದೇವರನ್ನು ಭಕ್ತಿಯಿಂದ ಮತ್ತು ನನ್ನನ್ನು ವಂಶಸಮೇತ, ಹಾಸಿಗೆ ಬಿಡುತ್ತಿದ್ದರು. ಈಗ ಆ ಸುಪ್ರಭಾತ ನಿಂತು, ಮಗ್ಗಗಳು ಬಿಸಿಲೇರಿದ ಮೇಲೆ ಬಾಯಿ ತೆರೆಯುತ್ತಿವೆ. “ಏನ್ಲಾ ಮಾದೇಸ, ಗಾಡಿ ಬಾಯಿ ಒಲ್ದ್ಬುಟ್ಯಾ?” ಎಂದು ಎದುರು ಮನೆಯವರು ಕೇಳುತ್ತಾರೆ. ನಾನು ನಗುತ್ತೇನೆ. ಬಾಯಿ ಹೊಲಿದದ್ದು ನಿಜ. ಆದರೆ ಅದು ಗಾಡಿಯದಲ್ಲ. ಯಾರದೆಂದು ಹೇಳುವುದಕ್ಕೆ, ಓದುಗ ಮಿತ್ರರೇ, ನಾನು ನಿಮ್ಮನ್ನು ಸ್ವಲ್ಪ ದೂರ ಹತ್ತಿಸಿಕೊಂಡು ಹೋಗಬೇಕು. ಮುಂದಿನ ಸೀಟಿನಲ್ಲಿಯೇ ಕುಳಿತುಕೊಳ್ಳಿ. ಬೆನ್ನಿಗೆ ಏನಾದರೂ ಚುಚ್ಚಿದರೆ ಸದ್ಯಕ್ಕೆ ಕೇಳಬೇಡಿ.

ಗಾಡಿಯ ಅಂತರಂಗದ ಪರಿಚಯವಿಲ್ಲದವರಿಗೆ ಒಂದು ಮಾತು. ಇಂಜಿನ್ನಿನ ಮುಖದ ಮೇಲೆ ಒಂದಷ್ಟು ಚಕ್ರಗಳಿರುತ್ತವೆ. ಒಂದು ಕರೆಂಟು ಹುಟ್ಟಿಸುವ ಡೈನಮೋವಿನದು, ಒಂದು ನೀರು ಹರಿಸುವ ಪಂಪಿನದು, ಇನ್ನೊಂದು ಸ್ಟೀರಿಂಗನ್ನು ಹಗುರ ಮಾಡುವುದು. ಇವೆಲ್ಲವನ್ನೂ ಒಂದೇ ಒಂದು ರಬ್ಬರಿನ ಪಟ್ಟಿ ಹಾವಿನಂತೆ ಮೇಲೆ ಕೆಳಗೆ, ಒಳಗೆ ಹೊರಗೆ ಸುತ್ತಿಕೊಂಡು ತಿರುಗಿಸುತ್ತದೆ. ನಮ್ಮ ಕಡೆ ಎಲ್ಲರೂ ಅದನ್ನು ಫ್ಯಾನ್ ಬೆಲ್ಟು ಎಂದೇ ಕರೆಯುತ್ತಾರೆ. ಕೂಡುಕುಟುಂಬದ ಹಿರಿಸೊಸೆಯಂಥ ಜೀವ ಅದು. ಎಲ್ಲರ ಕೆಲಸವೂ ಅದರಿಂದಲೇ ನಡೆಯುತ್ತದೆ, ಯಾರೂ ಅದರ ಮುಖ ನೋಡುವುದಿಲ್ಲ. ಸವೆದು ಜಾರತೊಡಗಿದಾಗ ಮಾತ್ರ ಅದು ಕಿರುಚುತ್ತದೆ. ಆಗ ಜನ ‘ಏನಿದು ಕರ್ಕಶ’ ಎಂದು ಕಿವಿ ಮುಚ್ಚಿಕೊಳ್ಳುತ್ತಾರೆ.

ನನ್ನ ವೃತ್ತಿ ಆ ಗಾಡಿಯಲ್ಲಿ ನೂಲು ಮತ್ತು ಸೀರೆ ಸಾಗಿಸುವುದು: ಸೇಲಂನಿಂದ ಎಡಪ್ಪಾಡಿಗೆ, ಎಡಪ್ಪಾಡಿಯಿಂದ ಓಮಲೂರಿಗೆ, ಅಲ್ಲಿಂದ ಮತ್ತೆ ಮನೆಗೆ. ಪ್ರವೃತ್ತಿ ಅನುಕರಣೆ. ಕಂಡವರ ದನಿಯನ್ನು ಕದ್ದು ಅವರೆದುರಿಗೇ ಮಾರುವ ಈ ಕಲೆ ನನಗೆ ಯಾರೂ ಕಲಿಸಿದ್ದಲ್ಲ. ತಮಿಳಿನಲ್ಲಿ ಬೈಯಲು ಶುರುಮಾಡಿ ಕೋಪ ನೆತ್ತಿಗೇರಿದಾಗ ಕನ್ನಡಕ್ಕೆ ಜಾರುವ ನನ್ನ ದೊಡ್ಡಪ್ಪ, ತರಕಾರಿಯವನೊಡನೆ ಚೌಕಾಶಿ ಮಾಡುವಾಗ ವಿಧವೆಯ ದನಿ ತೆಗೆಯುವ ನನ್ನ ಅವ್ವ (ಅಪ್ಪ ಪಕ್ಕದಲ್ಲಿಯೇ ಚೀಲ ಹಿಡಿದು ನಿಂತಿರುತ್ತಾನೆ), ಇವರೆಲ್ಲ ನನ್ನ ಗಂಟಲಿನ ಒಕ್ಕಲುಗಳು. ನನ್ನನ್ನೂ ನಾನು ಬಿಟ್ಟಿಲ್ಲ. ಹೆಣ್ಣು ನೋಡಲು ಹೋದಾಗ ನಾನು ಕಾಫಿ ಲೋಟ ಹಿಡಿದ ಭಂಗಿಯನ್ನು ನಾನೇ ಮಾಡಿ ತೋರಿಸಿ, ಆ ಹೆಣ್ಣಿನ ಮನೆಯವರಿಗಿಂತ ಹೆಚ್ಚು ನಕ್ಕವನು ನಾನು. ಆದ್ದರಿಂದ ಎಲ್ಲರನ್ನೂ ಅಣಕಿಸುವ ಹಕ್ಕು ನನಗಿದೆಯೆಂದು ನಂಬಿದ್ದೆ. ತನ್ನ ಕೆನ್ನೆಗೆ ತಾನೇ ಮೆಲ್ಲಗೆ ತಟ್ಟಿಕೊಂಡವನಿಗೆ ಊರವರ ಕೆನ್ನೆಗೆಲ್ಲ ಬಾರಿಸುವ ಪರವಾನಗಿ ಸಿಗುತ್ತದೆಂಬ ಈ ನ್ಯಾಯ ಎಷ್ಟು ಸೊಗಸಾಗಿತ್ತೆಂದರೆ, ಅದರಲ್ಲಿ ತೂತು ಹುಡುಕುವ ಅಗತ್ಯ ನನಗೆ ಎಂದೂ ಕಾಣಲಿಲ್ಲ.

ಇನ್ನು ಸೌಡತ್ತೆ. ಅಪ್ಪನ ಅಕ್ಕ, ದೊಡ್ಡಪ್ಪನ ತಂಗಿ, ನನಗೆ ಸೋದರತ್ತೆ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲಿನ ಒಂದು ಹಾಸು ಮುಗಿಯುತ್ತಿದ್ದಂತೆ ಅದರ ತುದಿಯ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೂದಿ ಮುಟ್ಟಿದ ಬೆರಳಿನಿಂದ ಹೊಸೆದು ಸೇರಿಸಬೇಕು; ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಬೀದಿಯ ಮಗ್ಗಗಳಿಗೆಲ್ಲ ಕೆಚ್ಚುವವಳು ಆಕೆ. ಮಗ್ಗಗಳ ಸದ್ದಿನ ನಡುವೆ ಕೂತು, ಆ ಸದ್ದನ್ನು ಮೀರಿ ಕೂಗಿ ನೀರು ಕೇಳಿ, ಕೂಗಿ ಎಳೆ ಕೇಳಿ, ಕೂಗಿಯೇ ಕುಶಲ ಕೇಳಿ ಆಕೆಯ ಕೊರಳು ಸವೆದುಹೋಗಿದೆ. ಮಾತು ನೆಟ್ಟಗೆ ಹೊರಡುತ್ತದೆ, ನಡುವೆ ಎಲ್ಲೋ ಜಾರುತ್ತದೆ, ‘ಕ್ಯೀ’ ಎಂದು ಒಡೆಯುತ್ತದೆ. ಗಾಡಿ ಕಿರುಚತೊಡಗಿದ ಹೊಸತರಲ್ಲಿ ಒಂದು ಬೆಳಗ್ಗೆ ನಾನು ಕೀಲಿ ತಿರುಗಿಸಿದೆ, ಬೆಲ್ಟು ಕಿರುಚಿತು, ಅದೇ ಗಳಿಗೆಗೆ ಜಗಲಿಯಿಂದ ಅತ್ತೆ “ಮಾದೇಸಾ, ನೂಲ್ ಮರ್ತ್ಯಲ್ಲೋ” ಎಂದು ಕೂಗಿದಳು. ಎರಡೂ ಒಂದೇ ಶ್ರುತಿ. ನನ್ನಂಥವನಿಗೆ ಇದು ನಿಧಿ ಸಿಕ್ಕಂತೆ. ಅಂದಿನಿಂದ ಗಾಡಿ ಕಿರುಚಿದಾಗಲೆಲ್ಲ “ಅತ್ತೆ ಎದ್ಲು” ಎಂದೆ. ಅತ್ತೆ ಕರೆದಾಗಲೆಲ್ಲ ಬಾನೆಟ್ಟು ಎತ್ತಿ ನೋಡಿದೆ. ಬೀದಿ ಬಿದ್ದು ಬಿದ್ದು ನಕ್ಕಿತು. ಅಷ್ಟಕ್ಕೆ ನಿಲ್ಲಿಸಿದ್ದರೆ ನಾನು ಬರಿಯ ಪೋಲಿಯಾಗುತ್ತಿದ್ದೆ. ಆದರೆ ನಾನು ಕಲಾವಿದ. ಬೆಲ್ಟಿನ ಸದ್ದು, ಅತ್ತೆಯ ದನಿ, ಅತ್ತೆ ಹಾಡುವ ಮದುವೆ ಪದದಂಥ ಒಂದು ರಾಗ, ಮೂರನ್ನೂ ಗಂಟಲಿನಲ್ಲಿ ಹೆಣೆದು ಫೋನಿನಲ್ಲಿ ಹಿಡಿದು ‘ಬೆಲ್ಟತ್ತೆಯ ಪದ’ ಎಂದು ಹೆಸರಿಟ್ಟು ನೆಂಟರ ಗುಂಪಿಗೆ ಹಾಕಿದೆ. ಅದು ಅಲ್ಲಿಂದ ಎಲ್ಲೆಲ್ಲಿಗೆ ಹೋಯಿತೆಂದು ಹೆಮ್ಮೆಯಿಂದ ವಿಚಾರಿಸುತ್ತಿದ್ದೆ.

ಅತ್ತೆಗೆ ಫೋನಿನ ಗೊಡವೆ ಇಲ್ಲ. ಯಾರದೋ ಮನೆಯಲ್ಲಿ ಕೆಚ್ಚಲು ಕೂತಿದ್ದಾಗ, ಒಳಗಿನ ಕೋಣೆಯಲ್ಲಿ ಅದು ಹಾಡಿ, ಜನ ನಕ್ಕದ್ದು ಕೇಳಿಸಿತಂತೆ. ಆಕೆ ಜಗಳವಾಡಲಿಲ್ಲ. ಮಾತು ಕಡಿಮೆ ಮಾಡಿದಳು, ಅಷ್ಟೇ. ನೀರು ಬೇಕಾದರೆ ಎದ್ದು ಹೋಗಿ ತಂದುಕೊಂಡಳು. ನನ್ನನ್ನು ಕರೆಯಬೇಕಾದರೆ ಬಾಗಿಲು ಬಡಿದಳು. ನಾನು ಅದನ್ನೂ ಬಿಡಲಿಲ್ಲ. “ಬೆಲ್ಟ್‌ಗೆ ಎಣ್ಣೆ ಬಿತ್ತು ಅಂತ ಕಾಣ್ತದೆ” ಎಂದೆ. ಎಂದಾಗ ಒಬ್ಬರೋ ಇಬ್ಬರೋ ನಕ್ಕರು. ಉಳಿದವರು ನಗದಿದ್ದುದನ್ನು ನಾನು ಅವರ ರಸಹೀನತೆಯೆಂದು ಭಾವಿಸಿದೆ.

ಓಮಲೂರಿನ ಮೆಕ್ಯಾನಿಕ್ಕು ಬೆಲ್ಟಿನ ಒಳಮೈಯನ್ನು ತಿರುವಿ, ಒಣಗಿದ ಕೆರೆಯಂಥ ಬಿರುಕುಗಳನ್ನು ತೋರಿಸಿ, “ಇನಿಮೇ ತಾಂಗಾದು ತಂಬಿ” ಎಂದಿದ್ದ. ಇನ್ನು ತಡೆಯದು, ತಮ್ಮ. ನಾನು ಆ ದಿನವೇ ಹೊಸ ಬೆಲ್ಟು ಕೊಂಡೆ. ಕೊಂಡು, ಅದರ ರಟ್ಟಿನ ಕವಚವನ್ನೂ ಬಿಚ್ಚದೆ, ಸೀಟಿನ ಹಿಂದೆ ತುರುಕಿದೆ. ಯಾಕೆ ಹಾಕಿಸಲಿಲ್ಲವೆಂದು ನೀವು ಕೇಳಬಹುದು. ಸಮಯವಿರಲಿಲ್ಲ ಎಂದು ಬೇರೆಯವರಿಗೆ ಹೇಳಿದ್ದೇನೆ. ನಿಮಗೆ ನಿಜ ಹೇಳುತ್ತೇನೆ: ಸುಮತಿಯ ಮದುವೆ ಹತ್ತಿರ ಬಂದಿತ್ತು. ಸುಮತಿ ದೊಡ್ಡಪ್ಪನ ಮಗಳು, ನನ್ನ ಅಕ್ಕ. ಆ ಮದುವೆಯಲ್ಲಿ ನೆಂಟರ ಸಮಕ್ಷಮ ನನ್ನ ಪ್ರಸಿದ್ಧ ಪ್ರಹಸನವನ್ನು ಸಾಕ್ಷಾತ್ ಬೆಲ್ಟಿನ ಪಕ್ಕವಾದ್ಯದೊಡನೆ ಆಡಿ ತೋರಿಸಬೇಕೆಂಬ ಆಸೆ ನನಗಿತ್ತು. ಹೊಸ ಬೆಲ್ಟು ಹಾಕಿದರೆ ಪಕ್ಕವಾದ್ಯ ಸತ್ತುಹೋಗುತ್ತಿತ್ತು.

ಗಂಡಿನ ಮನೆ ಪಾಪಿರೆಡ್ಡಿಪಟ್ಟಿಯ ಆಚೆ. ಅವರೂ ನಮ್ಮವರೇ, ಮಗ್ಗ ಬಿಟ್ಟು ಮರಗೆಣಸಿನ ಹೊಲ ಹಿಡಿದವರು. ಮದುವೆಯ ಹಿಂದಿನ ದಿನ ಹೆಣ್ಣನ್ನು ಅಲ್ಲಿಗೆ ಕರೆದೊಯ್ಯಬೇಕು. ಇಲ್ಲಿ ನಮ್ಮ ಮನೆತನದ ಒಂದು ಪದ್ಧತಿ ಹೇಳಬೇಕು. ಹೆಣ್ಣು ಗಂಡಿನ ಮನೆಯ ಹೊಸ್ತಿಲಿನ ಮುಂದೆ ನಿಂತಾಗ ಅವಳ ಸೋದರತ್ತೆ ಪದ ಎತ್ತಬೇಕು. ಪದ ಕನ್ನಡದ್ದೇ ಆಗಬೇಕು. ಅದು ಮುಗಿಯದೆ ಹೆಣ್ಣು ಒಳಗೆ ಕಾಲಿಡುವಂತಿಲ್ಲ. ತಮಿಳಿನಲ್ಲಿ ಓದಿ, ತಮಿಳಿನಲ್ಲಿ ಕನಸು ಕಂಡು, ಬೈಗುಳಕ್ಕೆ ಮಾತ್ರ ಕನ್ನಡ ಬಳಸುವ ನಮ್ಮಂಥವರ ಮನೆಗಳಲ್ಲಿ ಆ ಪದ ಬಲ್ಲವರು ಒಬ್ಬೊಬ್ಬರಾಗಿ ಹೋಗಿ, ಉಳಿದವಳು ಸೌಡತ್ತೆ ಒಬ್ಬಳೇ. ಸುಮತಿ ಮದುವೆ ಗೊತ್ತಾದ ದಿನವೇ ಆಕೆಯ ಕೈ ಹಿಡಿದು ಕೇಳಿದ್ದಳು. ಅತ್ತೆ ‘ನೋಡಾನ’ ಎಂಬಂತೆ ಕತ್ತು ಆಡಿಸಿದ್ದಳೇ ಹೊರತು ಹಾಡುತ್ತೇನೆಂದೂ ಅನ್ನಲಿಲ್ಲ, ಒಲ್ಲೆನೆಂದೂ ಅನ್ನಲಿಲ್ಲ.

ಹೆಣ್ಣಿನ ಕಾರು ಗೆಳತಿಯರಿಂದ ತುಂಬಿ ಮುಂದೆ ಹೋಯಿತು. ನನ್ನ ಪಿಕಪ್ಪಿನಲ್ಲಿ ಹಿಂದೆ ಸೀರೆ, ಹಣ್ಣು, ಅರಿಸಿನದ ತಟ್ಟೆಗಳು, ಅವುಗಳ ನಡುವೆ ದೊಡ್ಡಪ್ಪ, ಅವ್ವ, ಬೀದಿಯ ಹೆಂಗಸರು. ಮುಂದೆ ನನ್ನ ಪಕ್ಕದಲ್ಲಿ, ಮಂಡಿನೋವಿನ ಕಾರಣಕ್ಕೆ, ಸೌಡತ್ತೆ. ಆಕೆ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ನಾನು ದಾರಿಯುದ್ದಕ್ಕೂ ದೊಡ್ಡಪ್ಪನ ದನಿಯಲ್ಲಿ ಬಸ್ಸುಗಳನ್ನು ಬೈಯುತ್ತ ಆಕೆಯನ್ನು ನಗಿಸಲು ನೋಡಿದೆ. ಮಂಜವಾಡಿ ಕಣಿವೆಯ ಏರು ಹತ್ತುವಾಗ ಇಂಜಿನ್ನಿನ ಕಡೆಯಿಂದ ಪಟಪಟ ಎಂದು ಏನೋ ಬಡಿಯತೊಡಗಿತ್ತಂತೆ. ಆಕೆಗೆ ಕೇಳಿಸಿತ್ತು. ನನಗೆ ಕೇಳಿಸಲಿಲ್ಲ, ಯಾಕೆಂದರೆ ನಾನು ಮಾತಾಡುತ್ತಿದ್ದೆ. ಆಕೆ ಹೇಳಲಿಲ್ಲ, ಯಾಕೆಂದರೆ... ಈ ವಾಕ್ಯವನ್ನು ಮುಗಿಸುವುದು ನನಗೆ ಕಷ್ಟ, ನೀವೇ ಮುಗಿಸಿಕೊಳ್ಳಿ.

ಆಮೇಲೆ ಒಂದು ದೊಡ್ಡ ‘ಫಟ್’. ಸ್ಟೀರಿಂಗು ಕಲ್ಲಾಯಿತು, ಬ್ಯಾಟರಿಯ ಕೆಂಪು ದೀಪ ಕಣ್ಣು ಬಿಟ್ಟಿತು, ಬಿಸಿಯ ಮುಳ್ಳು ಮೇಲೇರಿತು. ಗಾಡಿಯನ್ನು ಹುಣಿಸೆ ಮರದ ಕೆಳಗೆ ಎಳೆದು ನಿಲ್ಲಿಸಿ ಬಾನೆಟ್ಟು ಎತ್ತಿದರೆ, ನನ್ನ ಪಕ್ಕವಾದ್ಯದ ವಿದ್ವಾಂಸರು ಹರಿದು, ನೂಲು ನೂಲಾಗಿ, ಚಕ್ರಗಳ ನಡುವೆ ಪ್ರಾಣ ಬಿಟ್ಟಿದ್ದರು.

ಆ ಕ್ಷಣಕ್ಕೆ ನಾನು ಮಾಡಬೇಕಾದದ್ದು ಒಂದೇ: ಸೀಟಿನ ಹಿಂದೆ ಕೈಹಾಕಿ ಹೊಸ ಬೆಲ್ಟು ತೆಗೆಯುವುದು. ಕೈ ಎತ್ತಿದೆ ಕೂಡ. ಅಷ್ಟರಲ್ಲಿ ಅವ್ವ ಇಳಿದು ಬಂದು, “ಅಯ್ಯೋ, ಹೊಸ್ದೊಂದು ತಂದಿಕ್ಕಬಾರ್ದಿತ್ತೇನ್ಲಾ? ಅಷ್ಟ್ ದಿನ ಕಿರುಚ್ತಿತ್ತು, ಅದ್ನೇ ಆಡ್ಕೊಂಡ್ ನಗ್ತಿದ್ದೆ!” ಎಂದಳು. ಎತ್ತಿದ ಕೈ ತಲೆ ಕೆರೆದುಕೊಂಡಿತು. “ಎಲ್ಲೂ ಸಿಕ್ಕಿಲ್ಲ ಕಣವ್ವಾ” ಎಂದುಬಿಟ್ಟೆ. ಸುಳ್ಳು ಎಷ್ಟು ನುಣ್ಣಗೆ ಬಂತೆಂದರೆ ಅದು ಯಾರ ದನಿಯಲ್ಲಿ ಬಂತೆಂದು ನನಗೇ ತಿಳಿಯಲಿಲ್ಲ. ಒಮ್ಮೆ ಸಿಕ್ಕಿಲ್ಲ ಎಂದ ಮೇಲೆ ಸೀಟಿನ ಹಿಂದಿನಿಂದ ಬೆಲ್ಟು ಉದ್ಭವಿಸುವುದಾದರೂ ಹೇಗೆ? ಅಂಗಿಯೊಳಗೆ ಅದನ್ನು ಅಡಗಿಸಿಕೊಂಡು, ಹೋಗುವ ಬಸ್ಸೊಂದನ್ನು ಹತ್ತಿ, ಮುಂದಿನ ಸ್ಟಾಪಿನಲ್ಲಿ ಇಳಿದು, ಟೀ ಕುಡಿದು, ‘ಅಂಗಡಿಯಲ್ಲಿ ಸಿಕ್ಕಿತು’ ಎಂದು ವೀರನಂತೆ ಮರಳುವ ಯೋಜನೆಯೊಂದು ನನ್ನ ತಲೆಯಲ್ಲಿ ಸಿದ್ಧವಾಯಿತು. ಅದಕ್ಕೆ ಒಂದೇ ಅಡ್ಡಿ: ಆ ಸೀಟಿಗೆ ಬೆನ್ನು ಕೊಟ್ಟು ಅತ್ತೆ ಕುಳಿತೇ ಇದ್ದಳು.

ಈ ಮಧ್ಯೆ ದೊಡ್ಡಪ್ಪ ಹರಿದ ಬೆಲ್ಟನ್ನು ಹೊರಗೆಳೆದು ಬೆರಳಿನಲ್ಲಿ ಹೊಸೆದು ನೋಡಿ ಒಂದು ಶೋಧ ಮಾಡಿದ್ದ. “ಇದರೊಳಗೆ ಇರದೆಲ್ಲ ನೂಲು ಕಣ್ರಲಾ! ಮೇಲಕ್ಕೆ ರಬ್ಬರು, ಒಳಕ್ಕೆಲ್ಲ ಎಳೆ!”

ನಮ್ಮವರ ಮುಂದೆ ಎಳೆ ಎಂಬ ಮಾತು ಆಡಬಾರದು. ಪ್ರಪಂಚದಲ್ಲಿ ಹರಿದ ಎಳೆ ಎಂಬುದೊಂದಿಲ್ಲ, ಇನ್ನೂ ಸೇರಿಸದ ಎಳೆ ಮಾತ್ರ ಇದೆ ಎಂಬುದು ನಮ್ಮ ಕುಲದ ವೇದಾಂತ. ಬೇರೆ ಯಾವ ಮದುವೆ ದಿಬ್ಬಣವಾದರೂ ಬಸ್ಸು ಹತ್ತುತ್ತಿತ್ತು, ಮೆಕ್ಯಾನಿಕ್ಕಿಗೆ ಫೋನು ಮಾಡುತ್ತಿತ್ತು. ನಮ್ಮ ದಿಬ್ಬಣ ಹುಣಿಸೆ ಮರದ ಕೆಳಗೆ ಜಮಖಾನ ಹಾಸಿ ಕೂತಿತು. ಬಸ್ಸಿನ ಮಾತೆತ್ತಿದ ಅವ್ವನಿಗೆ ದೊಡ್ಡಪ್ಪ, “ಎಳೆ ಕಿತ್ತೋದ್ರೆ ಮಗ್ಗ ಬುಟ್ಟು ಓಡೋಗದುಂಟಾ? ಮಾನ ಐತಾ ಇಲ್ವಾ?” ಎಂದು ಗದರಿಸಿ, ಗಾಡಿಯ ಕಡೆ ತಿರುಗಿ, “ಸೌಡಾ, ಇಳ್ದು ಬಾವ್ವ. ನಿನ್ ಕೈಯಾಗೆ ಕೂಡ್ದೆ ಇರ ಎಳೆ ಯಾವ್ದೈತೆ? ಕೆಚ್ಚು” ಎಂದ.

ಅತ್ತೆ ಇಳಿದು ಬಂದಳು. ನಾನು ಗಾಡಿಯ ಕಡೆ ಒಂದು ಹೆಜ್ಜೆ ಇಟ್ಟೆ. ಆಕೆ ತಲೆ ಎತ್ತಿ ನನ್ನ ಮುಖ ನೋಡಿದಳು. ಹೆಜ್ಜೆ ಹಿಂದೆ ಬಂತು. ಆಕೆ ಬೆಲ್ಟನ್ನು ಮಡಿಲಿಗೆ ಹಾಕಿಕೊಂಡು, ಎರಡು ತುದಿಗಳ ರಬ್ಬರನ್ನು ಕೆರೆದು, ಒಳಗಿನ ನೂಲುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಉಡುಗೊರೆಯ ಸೀರೆಯೊಂದರ ಸೆರಗಿನ ಗೊಂಡೆಯಿಂದ ಅವ್ವ ರೇಷ್ಮೆ ಎಳೆ ಕಿತ್ತುಕೊಟ್ಟಳು. ಚೀಲ ಹೊಲಿಯುವ ದಬ್ಬಳ ಎಲ್ಲಿಂದಲೋ ಹುಟ್ಟಿತು. ಸುತ್ತಲೂ ಸಲಹೆಗಳು: ಜೋಡು ಎಳೆ ಹಾಕು, ಅಡ್ಡ ಹೊಲಿ, ಬೂದಿ ಮುಟ್ಟು. ಸುಮತಿಯ ಫೋನು ಬಂತು. “ಎಲ್ಲಿದ್ದೀರಿ? ನಾವ್ ಬಂದ್ ನಿಂತಿದೀವಿ. ಅತ್ತೆ ಬರ್ದೆ ಒಳೀಕ್ ಓಗಂಗಿಲ್ವಂತೆ, ಬಿಸ್ಲಾಗೇ ನಿಂತೀವಿ.” “ಬಂದ್ವಿ ಬಂದ್ವಿ, ಬೆಲ್ಟ್ ಕೆಚ್ತಾವ್ಳೆ ಅತ್ತೆ” ಎಂದು ಅವ್ವ ಹೇಳಿದಳು. ಆ ಕಡೆ ಫೋನು ಕಟ್ಟಾಯಿತು. ಅಕ್ಕ ಅದನ್ನು ನನ್ನ ಹೊಸ ಅಣಕವೆಂದು ತಿಳಿದಿರಬೇಕು.

ನಾನು ಏನು ಮಾಡುತ್ತಿದ್ದೆ? ನೆರಳು ಹಿಡಿದಿದ್ದೆ. ಎಲೆಗಳ ಸಂದಿನಿಂದ ಅತ್ತೆಯ ತಲೆಗೆ ಬಿಸಿಲು ಬೀಳದಂತೆ ಟವೆಲ್ಲು ಹಿಡಿದು ನಿಂತಿದ್ದೆ. ನನ್ನ ಸೇವಾಭಾವಕ್ಕೆ ಹೆಂಗಸರಲ್ಲೊಬ್ಬಳು ಮೆಚ್ಚಿ ತಲೆದೂಗಿದಳು. ಟವೆಲ್ಲಿನ ನೆರಳಿನಲ್ಲಿ ಆಕೆಯ ಬೆರಳುಗಳು ರೇಷ್ಮೆಯನ್ನೂ ರಬ್ಬರಿನ ನೂಲನ್ನೂ ಹೊಸೆಯುತ್ತಿದ್ದವು. ಕರಿ ಮಸಿ ಉಗುರಿನೊಳಕ್ಕೆ ಇಳಿಯುತ್ತಿತ್ತು. ಪದ ಎತ್ತುವ ಸೋದರತ್ತೆಯೇ ಆರತಿ ತಟ್ಟೆಯನ್ನೂ ಹಿಡಿಯಬೇಕು. ಅದಕ್ಕೆಂದು ಆ ಕೈಗಳಿಗೆ ಬೆಳಗ್ಗೆ ಅರಿಸಿನ ಹಚ್ಚಿದ್ದರು.

ಕೆಚ್ಚಿದ ಬೆಲ್ಟು ನೋಡಲು ಚೆಂದವಾಗಿಯೇ ಇತ್ತು. ಕರಿ ಸೀರೆಗೆ ಕೆಂಪು ಅಂಚಿನಂತೆ. ಅದನ್ನು ಚಕ್ರಗಳಿಗೆ ಏರಿಸಿ, ದೊಡ್ಡಪ್ಪ ಕುಲದೇವಿಯ ಹೆಸರು ಹೇಳಿದ ಮೇಲೆ ನಾನು ಕೀಲಿ ತಿರುಗಿಸಿದೆ. ಇಂಜಿನ್ನು ಒಮ್ಮೆ ಗುರ್ ಎನ್ನುವುದರೊಳಗೆ ಬೆಲ್ಟು ಹಾರಿ ಹೋಗಿ ಹುಣಿಸೆ ಮರದ ಬುಡಕ್ಕೆ ಬಿತ್ತು.

“ಎಳೆ ಸಾಲ್ಲಿಲ್ಲ” ಎಂದ ದೊಡ್ಡಪ್ಪ, ಸೋಲೊಪ್ಪದೆ. “ಸೌಡಾ, ಇನ್ನೊಂದ್ಸಲ. ಈ ಸಲ ಜೋಡು ಆಕು.”

ಅತ್ತೆ ಬೆಲ್ಟನ್ನು ಎತ್ತಿಕೊಂಡು ಬಂದು, ಕೂತು, ಮತ್ತೆ ದಬ್ಬಳಕ್ಕೆ ಎಳೆ ಪೋಣಿಸಿದಳು. ಅಷ್ಟೇ ನನ್ನ ಕೈಲಿ ನೋಡಲಾದದ್ದು.

ಹೇಳಬೇಕೆಂದು ಬಾಯಿ ತೆರೆದೆ. ಅಭ್ಯಾಸಬಲ ನೋಡಿ: ಓಮಲೂರಿನ ಮೆಕ್ಯಾನಿಕ್ಕಿನ ದನಿ ಬಂತು. “ಇನಿಮೇ ತಾಂಗಾದು ತಂಬಿ! ಸೀಟಿನ ಇಂದ್ಕೆ ನೋಡು, ಒಸಾ ಬೆಲ್ಟು ಐತೆ!” ಎಂದೆ. ಯಾರೂ ನಗಲಿಲ್ಲ. ಯಾರಿಗೂ ಅರ್ಥವೂ ಆಗಲಿಲ್ಲ, ಇದು ನನ್ನ ಇನ್ನೊಂದು ಆಟವೆಂದು ತಿಳಿದು ದೊಡ್ಡಪ್ಪ, “ಬಾಯ್ ಮುಚ್ಲಾ ಕೋತಿ, ಈಗ್ಲೂ ನಿಂಗೆ ಆಟವೇ?” ಎಂದ. ಆಗ ನಾನು ನನ್ನ ಸ್ವಂತ ದನಿಯಲ್ಲಿ ಹೇಳಬೇಕಾಯಿತು. ಅದು ಬಹಳ ದಿನದಿಂದ ಬಳಸದ ಪಾತ್ರೆಯಂತೆ ಕಿಲುಬು ಹಿಡಿದಿತ್ತು. “ದೊಡ್ಡಪ್ಪ, ನನ್ ತಾವ್ ಒಸ ಬೆಲ್ಟು ಐತೆ. ಆಗ್ಲಿಂದ್ಲೂ ಐತೆ.”

ಹುಣಿಸೆ ಮರದ ಕೆಳಗಿದ್ದವರೆಲ್ಲ ಗಾಡಿಯ ಕಡೆ ತಿರುಗಿದರು. ಬಾಯಿ ಬಿಟ್ಟವಳು ಅತ್ತೆ. ಬಹಳ ದಿನಗಳ ಮೇಲೆ ಆಕೆ ನನ್ನೊಡನೆ ಆಡಿದ ಮೊದಲ ಮಾತು ಅದು. ನಡುವೆ ಜಾರಿ ಒಡೆಯಿತು, ಆದರೂ ಎಲ್ಲರಿಗೂ ಕೇಳಿಸಿತು:

“ಗೊತ್ತು ಕಣ್ಲಾ. ಸೇಲಂನಿಂದ್ಲೂ ಬೆನ್ನಿಗ್ ಚುಚ್ತಿತ್ತು.”

ಗೊತ್ತಿದ್ದೂ ಕೆಚ್ಚಿದೆಯಾ ಎಂದು ಅವ್ವ ಕೇಳಿದಳು. ಅತ್ತೆ ದಬ್ಬಳದಿಂದ ಎಳೆ ಬಿಚ್ಚಿ ಬೆರಳಿಗೆ ಸುತ್ತಿಕೊಳ್ಳುತ್ತ, “ಯೋಳ್ತಾನೇನೋ ಅಂತ ಕಾದೆ” ಎಂದಳು. ದೊಡ್ಡಪ್ಪ ತಮಿಳಿನಲ್ಲಿ ಬೈಗುಳ ಶುರುಮಾಡಿ, ಅರ್ಧ ದಾರಿಯಲ್ಲಿ ಕನ್ನಡಕ್ಕೆ ಬಂದು, ನನ್ನ ಹುಟ್ಟಿನಿಂದ ಹಿಡಿದು ಹೆಣ್ಣಿನ ಮನೆಯಲ್ಲಿ ಕಾಫಿ ಕುಡಿದ ಬಗೆಯವರೆಗೆ ಎಲ್ಲವನ್ನೂ ವಿಮರ್ಶಿಸಿದ. ನಾನು ಎಷ್ಟು ಸಲ ಆಡಿ ತೋರಿಸಿದ ಪಾತ್ರ ಅದು! ಆ ದಿನ ಒಂದಕ್ಷರವೂ ನನಗೆ ನಗು ತರಿಸಲಿಲ್ಲ.

ಬೆಲ್ಟು ಹಾಕುವುದು, ಮಿತ್ರರೇ, ದೊಡ್ಡ ವಿದ್ಯೆಯಲ್ಲ. ಬಿಗಿ ಹಿಡಿಯುವ ಒಂದು ಉರುಳೆಯಿದೆ; ಅದನ್ನು ಸ್ಪ್ಯಾನರಿನಿಂದ ಹಿಂದಕ್ಕೆ ಎಳೆದು ಹಿಡಿದು, ಇನ್ನೊಂದು ಕೈಯಿಂದ ಬೆಲ್ಟನ್ನು ಕೆಳಗಿನ ದೊಡ್ಡ ಚಕ್ರಕ್ಕೆ, ಅಲ್ಲಿಂದ ಪಂಪಿಗೆ, ಡೈನಮೋಗೆ ಸುತ್ತಿ, ಅದರ ಒಳಮೈಯ ಏಣುಗಳೆಲ್ಲ ಚಕ್ರದ ಕಾಲುವೆಗಳಲ್ಲಿ ಕೂತಿವೆಯೇ ಎಂದು ಬೆರಳಾಡಿಸಿ ನೋಡಿ, ಉರುಳೆಯನ್ನು ಮೆಲ್ಲಗೆ ಬಿಡಬೇಕು. ದಾರಿಯ ಚಿತ್ರ ಬಾನೆಟ್ಟಿನ ಕೆಳಗೆ ಅಂಟಿಸಿರುತ್ತದೆ. ನನ್ನದರಲ್ಲಿ ಅದು ಎಣ್ಣೆ ಕುಡಿದು ಮಾಸಿತ್ತು. ಒಂದು ಸಲ ತಪ್ಪು ಸುತ್ತಿದೆ. ಒಂದು ಏಣು ಕಾಲುವೆಯ ಹೊರಗೆ ಇಣುಕುತ್ತಿತ್ತು. ಬಿಚ್ಚಿ ಮತ್ತೆ ಸುತ್ತಿದೆ. ಬಿಸಿ ಇಂಜಿನ್ನು ಮುಂಗೈ ಸುಟ್ಟಿತು. ಯಾರೂ ಅಯ್ಯೋ ಎನ್ನಲಿಲ್ಲ. ಇಷ್ಟಕ್ಕೆ ಹಿಡಿದ ಹೊತ್ತು ಒಂದು ಟೀ ಕುಡಿಯುವಷ್ಟು. ಆ ಟೀಯಷ್ಟು ಹೊತ್ತಿನ ಕೆಲಸವನ್ನು ಒಂದು ನಗುವಿಗಾಗಿ ನಾನು ಇಷ್ಟು ದಿನ ಮುಂದೂಡಿದ್ದೆ. ಕೀಲಿ ತಿರುಗಿಸಿದರೆ ಗಾಡಿ ಸದ್ದೇ ಇಲ್ಲದೆ ಎದ್ದಿತು. ಎಲ್ಲರೂ ಹತ್ತಿದರು. ಆ ಸದ್ದಿಲ್ಲದ ಗಾಡಿಯಲ್ಲಿ ಪಾಪಿರೆಡ್ಡಿಪಟ್ಟಿಯವರೆಗೂ ನನಗೆ ಕೇಳಿಸಿದ್ದು ಅತ್ತೆಯ ಉಸಿರು ಮಾತ್ರ.

ಗಂಡಿನ ಮನೆಯ ಮುಂದೆ ಸುಮತಿ, ಹೂವಿನ ಭಾರಕ್ಕೆ ಕತ್ತು ಬಾಗಿಸಿ, ಬೆವರಿನಲ್ಲಿ ಕಾಡಿಗೆ ಕರಗಿಸಿಕೊಂಡು, ಹೊಸ್ತಿಲಿನ ಈಚೆಗೆ ನಿಂತಿದ್ದಳು. ನನ್ನ ಪಕ್ಕದಿಂದ ಅತ್ತೆ ಇಳಿಯುತ್ತಿದ್ದಂತೆ ಗಂಡಿನ ಅಜ್ಜಿ, ಬಹಳ ಪ್ರೀತಿಯ ಮುದುಕಿ, ಎರಡೂ ಕೈ ಚಾಚಿ ಬಂದು, “ವಾಂಗ ವಾಂಗ! ಬೆಲ್ಟತ್ತೆ ಬಂದ್ರಪ್ಪಾ! ಇನ್ನೇನು, ಪದ ಎತ್ತಿಸ್ರಿ!” ಎಂದಳು.

ಅಣಕದಿಂದಲ್ಲ, ಅದು ನಿಜವಾದ ಹೆಸರೆಂದೇ ಆಕೆ ತಿಳಿದಿದ್ದಳು. ಮುತ್ತತ್ತೆ, ಚಿಕ್ಕತ್ತೆ, ಬೆಲ್ಟತ್ತೆ. ನನ್ನ ಕಲಾಕೃತಿ ನಮಗಿಂತ ಮೊದಲೇ ಆ ಊರು ಮುಟ್ಟಿ, ಆಕೆಗೆ ಅಲ್ಲಿ ನಾಮಕರಣ ಮುಗಿಸಿತ್ತು.

ಅತ್ತೆ ಆ ಮುದುಕಿಯ ಕೈ ಹಿಡಿದು ನಕ್ಕಳು. ಮಸಿ ಹಿಡಿದ ಉಗುರುಗಳಲ್ಲಿ ಆರತಿ ತಟ್ಟೆ ತೆಗೆದುಕೊಂಡು ಹೊಸ್ತಿಲಿಗೆ ಬಂದಳು. “ಎತ್ತತ್ತೆ, ಕಾಲು ನೋಯ್ತೈತೆ” ಎಂದು ಸುಮತಿ ಪಿಸುಗುಟ್ಟಿದಳು. ಅತ್ತೆ ಬಾಯಿ ತೆರೆದಳು. ದನಿ ಹೊರಟಿತು, ಜಾರಿತು, ‘ಕ್ಯೀ’ ಎಂದು ಒಡೆಯಿತು. ಕೂಡಿದವರ ನಡುವೆ ಒಂದು ಸಣ್ಣ ಮೆಚ್ಚಿನ ನಗು ಹರಿಯಿತು. ಪ್ರಸಿದ್ಧ ಕಲಾವಿದೆಯನ್ನು ಕಣ್ಣಾರೆ ಕಂಡವರ ನಗು. ಅತ್ತೆ ಬಾಯಿ ಮುಚ್ಚಿದಳು.

ಆಕೆ ಮ್ಲಾನವಾಗಿ ನಿಂತಳೆಂದು ಬರೆಯಬಹುದಿತ್ತು; ಹಾಗಾಗಲಿಲ್ಲ. ಗುಂಪಿನಲ್ಲಿ ಹುಡುಕಿ, ತಟ್ಟೆ ಹಿಡಿದ ಕೈಯಿಂದಲೇ ನನ್ನನ್ನು ಸನ್ನೆಮಾಡಿ ಕರೆದಳು. “ಲಾ ಮಾದೇಸ, ಬಾ ಇಲ್ಲಿ. ನನ್ ದನಿ ನಿನ್ ತಾವೇ ಐತಲ್ಲ. ನೀನೇ ಎತ್ತು.”

ಎಲ್ಲರೂ ನನ್ನ ಕಡೆ ತಿರುಗಿದರು. ಎಂಥ ರಂಗಸ್ಥಳ! ಇದನ್ನೇ ಅಲ್ಲವೇ ನಾನು ಬಯಸಿದ್ದು? ಬಾಯಿ ತೆರೆದೆ. ರಾಗ ಇತ್ತು, ಬಿರುಕು ಇತ್ತು, ಆಕೆ ಉಸಿರು ಎಳೆಯುವ ಜಾಗವೂ ಗೊತ್ತಿತ್ತು. ಪದ ಗೊತ್ತಿರಲಿಲ್ಲ. ಅಷ್ಟು ದಿನ ಆ ಪದವನ್ನು ಅಣಕಿಸಿದ್ದೆನಲ್ಲ, ಅದರಲ್ಲಿ ಏನಿದೆಯೆಂದು ಒಂದು ಸಾಲನ್ನೂ ಕೇಳಿಸಿಕೊಂಡಿರಲಿಲ್ಲ. ನನ್ನ ಧ್ವನಿಮುದ್ರಿಕೆಯಲ್ಲಿ ಪದವಿದ್ದ ಕಡೆಯೆಲ್ಲ ‘ಲಾಲಲ’ ಇತ್ತು. ಹೊಸ್ತಿಲಿನ ಮುಂದೆ ಅಕ್ಕನನ್ನು ಬಿಸಿಲಿಗೆ ನಿಲ್ಲಿಸಿ ನಾನು ಮೂಕನಾಗಿ ನಿಂತೆ.

ಅತ್ತೆ ನನ್ನ ಕಿವಿಯ ಹತ್ತಿರ ಬಂದಳು. ಮಾತಿನಂತೆ, ರಾಗವಿಲ್ಲದೆ, ಒಂದು ಸಾಲು ಹೇಳಿದಳು. ನಾನು ಅದನ್ನು ಗಟ್ಟಿಯಾಗಿ ಹಾಡಿದೆ. ಆಕೆ ಮುಂದಿನದು ಹೇಳಿದಳು.

ಹಾಸಿನ ಎಳೆಯೆಲ್ಲ ತವರೋರು ಕೊಟ್ಟದ್ದು
ಹೊಕ್ಕೀನ ಎಳೆಯ ನೀ ನೂತು, ನನ ಕಂದ,
ಹರಕಿಲ್ಲದಂಗೆ ನೇಯವ್ವ

ಆಕೆಯ ದನಿ ತೆಗೆಯುವ ಧೈರ್ಯ ನನಗೆ ಬರಲಿಲ್ಲ. ನನ್ನದೇ ದನಿ ತೆಗೆದೆ. ಅದು ಮರಿ ಕಳೆದುಕೊಂಡ ಆಡಿನಂತಿತ್ತು. ಜನ ನಕ್ಕರು, ಈ ಸಲ ನನ್ನನ್ನು ನೋಡಿ. ಸುಮತಿ ಒಂದು ಕಣ್ಣಿನಲ್ಲಿ ಅಳುತ್ತ, ಒಂದು ಕಣ್ಣಿನಲ್ಲಿ ನಗುತ್ತ ಹೊಸ್ತಿಲು ದಾಟಿದಳು.

ಬಂದ ಮೇಲೆ ಆ ಧ್ವನಿಮುದ್ರಿಕೆಯನ್ನು ಅಳಿಸಿದೆ. ಅಳಿಸಿದ್ದು ನನ್ನ ಫೋನಿನಿಂದ ಮಾತ್ರ. ಬೆಲ್ಟು ಬದಲಿಸುವುದು ಸುಲಭ. ಜನರ ನಾಲಗೆಗೆ ಒಮ್ಮೆ ಸುತ್ತಿಕೊಂಡ ಹೆಸರಿನ ಬಿಗಿ ಸಡಿಲಿಸುವ ಸ್ಪ್ಯಾನರು ಯಾವ ಅಂಗಡಿಯಲ್ಲೂ ನನಗೆ ಸಿಕ್ಕಿಲ್ಲ, ಇದು ಮಾತ್ರ ಸುಳ್ಳಲ್ಲ. ಪಾಪಿರೆಡ್ಡಿಪಟ್ಟಿಯ ಅಜ್ಜಿ ಈಗಲೂ ಫೋನಿನಲ್ಲಿ, “ಬೆಲ್ಟತ್ತೆ ಸುಖವಾ?” ಎಂದು ಅಕ್ಕರೆಯಿಂದ ಕೇಳುತ್ತಾಳೆ. ಸುಖ ಎನ್ನುತ್ತೇನೆ.

ನಮ್ಮ ಬೀದಿ ಮಲಗಿರುವಾಗಲೇ ನಾನು ಗಾಡಿ ಹೊರಡಿಸುತ್ತೇನೆ. ಎಡಪ್ಪಾಡಿಯಲ್ಲಿ ಕೆಚ್ಚುವ ಕೆಲಸವಿದ್ದ ದಿನ ಅತ್ತೆ ಬಂದು ಪಕ್ಕದಲ್ಲಿ ಕೂರುತ್ತಾಳೆ. ಊರು ದಾಟುವವರೆಗೆ ಮಾತಿಲ್ಲ. ದಾಟಿದ ಮೇಲೆ, ಕೇಳದೆಯೇ, ಒಂದು ಸಾಲು ಹೇಳುತ್ತಾಳೆ. ನಾನು ಹಿಂದಿನಿಂದ ಹೇಳುತ್ತೇನೆ. ಹಾಳು ಗಂಟಲು, ಆಕೆಯ ಬಾಯಿಂದ ಬಂದದ್ದನ್ನು ಬಂದ ಹಾಗೆಯೇ ಹಿಡಿಯುತ್ತದೆ. ಪದದ ಜೊತೆಗೆ ಆ ಬಿರುಕೂ ತಾನಾಗಿ ಬಂದುಬಿಡುತ್ತದೆ. ನನ್ನ ಮುಖ ಬೆಂಕಿಯಾಗುತ್ತದೆ. ಆಕೆ ತಿರುಗಿ ನೋಡಿ, ಅಣಕವೋ ಅಲ್ಲವೋ ಎಂದು ಅಳೆದು, “ಅಂಗಲ್ಲ ಕಣ್ಲಾ, ಇನ್ನೊಂದ್ಸಲ” ಎನ್ನುತ್ತಾಳೆ.

ಆದರೆ ಆ ಮೊದಲ ಸಾಲು ಹೇಳುವ ಮುಂಚೆ, ಪ್ರತಿ ಸಲವೂ, ಆಕೆ ಕಿಟಕಿಯ ಗಾಜು ಏರಿಸುತ್ತಾಳೆ. ಹೊರಗೆ ಯಾರಿಗೂ ಕೇಳಿಸಬಾರದೆಂದು. ನನ್ನ ಕಡೆಯದನ್ನೂ ಏರಿಸು ಎಂದು ಬೆರಳು ತೋರಿಸುತ್ತಾಳೆ. ಈ ಸೇಲಂ ಸೆಕೆಯಲ್ಲಿ ಇಬ್ಬರೂ ಬೇಯುತ್ತ ಎಡಪ್ಪಾಡಿಯವರೆಗೆ ಹೋಗುತ್ತೇವೆ. ಗಾಜು ಇಳಿಸು ಅತ್ತೆ ಎಂದು ಹೇಳುವ ಮುಖ ನನಗಿನ್ನೂ ಬಂದಿಲ್ಲ.